ಗಾಳಿಗೆ ಸಹಿ ಹಾಕುವವಳು

ಹೆಂಗಸು ಗಣಿಗೆ ಇಳಿದರೆ ತಾಮ್ರ ಮುನಿಸಿಕೊಂಡು ಬಂಡೆಯೊಳಗೆ ಇನ್ನಷ್ಟು ಆಳಕ್ಕೆ ಓಡಿಹೋಗುತ್ತದೆ ಎಂದು ಗಣಿಯೂರು ಕಿತ್ವೆಯ ಗಂಡಸರಾದ ನಾವು ಅಜ್ಜಂದಿರ ಕಾಲದಿಂದ ನಂಬಿದ್ದೆವು. ನಾಮ್‌ಫುಕ್ವೆ ಹನ್ನೊಂದು ವರ್ಷ ದಿನಾ ಇಳಿದಳು. ತಾಮ್ರ ಇದ್ದಲ್ಲೇ ಇತ್ತು. ನಮ್ಮ ನಂಬಿಕೆಯೂ ಇದ್ದಲ್ಲೇ ಇತ್ತು.

ಅವಳು ಗಣಿಯ ಗಾಳಿ ಎಂಜಿನಿಯರು. ನೆಲದಿಂದ ಒಂದು ಕಿಲೋಮೀಟರು ಕೆಳಗೆ ಬೆವರು ಸುರಿಸುವವರ ಮೂಗಿಗೆ ಎಷ್ಟು ಗಾಳಿ ಬೇಕು, ಸಿಡಿಮದ್ದಿನ ಹೊಗೆ ಯಾವ ದಾರಿ ಹಿಡಿದು ಹೊರಗೆ ಹೋಗಬೇಕು ಎಂಬುದೆಲ್ಲ ಅವಳ ಲೆಕ್ಕ. ಬೆಳಗಿನ ಪಾಳಿಗೆ ಮುಂಚೆ ಅವಳು ಇಳಿದು, ಅಳೆದು, ಮೇಲೆ ಬಂದು ಗಾಳಿ ಪುಸ್ತಕಕ್ಕೆ ಸಹಿ ಹಾಕದೆ ಒಬ್ಬನೂ ಕೆಳಗೆ ಹೋಗುವಂತಿಲ್ಲ. ಸಹಿಗೆ ಸರ್ಕಾರದ ಪರವಾನಗಿ ಬೇಕು. ಅದಿದ್ದ ಇನ್ನೊಬ್ಬನೆಂದರೆ ಮುದುಕ ಮುಖ್ಯಸ್ಥ, ಅವನು ನಾಲ್ಕು ವರ್ಷದ ಹಿಂದೆ ನಿವೃತ್ತನಾಗಿ ಕೋಳಿ ಸಾಕುತ್ತಿದ್ದ. ಅಂದಿನಿಂದ ಅವನ ಕುರ್ಚಿಯಲ್ಲಿ ನಾಮ್‌ಫುಕ್ವೆಯೇ ಕೂತಿದ್ದಳು, ಹಂಗಾಮಿ ಮುಖ್ಯಸ್ಥೆಯಾಗಿ. ಮಳೆ ನಾಲ್ಕು ಸಲ ಬಂದು ಹೋಯಿತು, ಹಂಗಾಮಿ ಮಾತ್ರ ಹೋಗಲಿಲ್ಲ.

ನಮ್ಮ ದೇಶದ ಕಾನೂನು ದುಡಿಯುವ ಹೆಂಗಸಿಗೆ ತಿಂಗಳಿಗೊಂದು ರಜೆ ಕೊಟ್ಟಿದೆ. ಅಮ್ಮನ ದಿನ ಎನ್ನುತ್ತೇವೆ. ಮುಂಚೆ ಹೇಳಬೇಕಾಗಿಲ್ಲ, ಕಾರಣ ಕೊಡಬೇಕಾಗಿಲ್ಲ, ಯಾರೂ ಕೇಳುವಂತಿಲ್ಲ. ನಾವು ಕೇಳುವುದೂ ಇಲ್ಲ, ನಗುತ್ತೇವೆ, ಅಷ್ಟೆ. ಆ ನಗುವಿಗೆ ಅಂಜಿ ನಾಮ್‌ಫುಕ್ವೆ ಹನ್ನೊಂದು ವರ್ಷದಲ್ಲಿ ಒಂದು ದಿನವನ್ನೂ ಮುಟ್ಟಿರಲಿಲ್ಲ. ತಿಂಗಳ ನೋವಿಗೆ ಹೊಟ್ಟೆ ಹಿಂಡುವಾಗಲೂ ಹಲ್ಲು ಕಚ್ಚಿ ಇಳಿದಳು. ಅಷ್ಟೇ ಆಗಿದ್ದರೆ ಅವಳ ಪಾಡು. ಧೂಳು ಪರೀಕ್ಷೆ ಮಾಡುವ ಲುಂಬಿವೆ ಆ ರಜೆ ಹಾಕಿ ಬಂದಾಗಲೆಲ್ಲ "ಏನಮ್ಮ, ಹಬ್ಬ ಮುಗೀತಾ?" ಎಂದು ಚುಚ್ಚುತ್ತಿದ್ದವಳೂ ನಾಮ್‌ಫುಕ್ವೆಯೇ. ನಾವೆಲ್ಲ ಬ್ವಾನಾ, ಅಂದರೆ ಸಾಹೇಬ, ಎನ್ನುವ ಮ್ಯಾನೇಜರ್ ಸಿನ್ಯಂಗ್ವೆ ಒಮ್ಮೆ ಅವಳನ್ನು, ನೀನು ಹೆಂಗಸಲ್ಲ ಬಿಡು, ಗಂಡಸು ಎಂದು ಹೊಗಳಿದ. ಅದನ್ನು ಪದಕದ ಹಾಗೆ ಮನೆಗೆ ತಂದು ಅಮ್ಮನ ಮುಂದೆ ಹಿಡಿದಳು. ಗೆಣಸಿನ ಸೊಪ್ಪು ಹೆಚ್ಚುತ್ತಿದ್ದ ಅಮ್ಮ ತಲೆಯೆತ್ತದೆ, "ಹಾಗಾದ್ರೆ ಚಿಶಾಲಾನ ಹೆತ್ತೋರು ಯಾರು?" ಎಂದು ಕೇಳಿದಳು. ಚಿಶಾಲಾ ನಾಮ್‌ಫುಕ್ವೆಯ ಮಗಳು. ಹಾಗಾಗಿ ಊರವರ ಬಾಯಲ್ಲಿ ಇವಳು ಬಾನಾ ಚಿಶಾಲಾ, ಚಿಶಾಲಾಳ ತಾಯಿ.

ಆ ವರ್ಷ ಹೊಸ ಸುರಂಗಕ್ಕೆ ಹೊಸ ಫ್ಯಾನು ಬಂತು, ಎರಡಂತಸ್ತಿನ ಮನೆಯಷ್ಟು ಎತ್ತರದ್ದು. ಅದು ಎಲ್ಲಿ ಕೂರಬೇಕು, ನಿಮಿಷಕ್ಕೆ ಎಷ್ಟು ಸುತ್ತಬೇಕು, ಎಲ್ಲ ಅವಳ ಮೂರು ವರ್ಷದ ಲೆಕ್ಕ. ಚಾಲೂ ಮಾಡಲು ರಾಜಧಾನಿಯಿಂದ ನಿರ್ದೇಶಕರು ಬರುವವರಿದ್ದರು. ಅವರ ಮುಂದೆ ನಿಂತು ಫ್ಯಾನನ್ನು ವಿವರಿಸಿದವರಿಗೇ ಆ ಕುರ್ಚಿ ಕಾಯಂ ಎಂಬುದು ಗಣಿಯ ಗೇಟಿನ ನಾಯಿಗೂ ಗೊತ್ತಿತ್ತು. ನಾಮ್‌ಫುಕ್ವೆ ಬಿಳಿ ಶರ್ಟು ಇಸ್ತ್ರಿ ಮಾಡಿಟ್ಟಳು.

ಹಿಂದಿನ ದಿನ ಸಿನ್ಯಂಗ್ವೆ ಅವಳನ್ನು ಕರೆದು, ಗಣಿಯ ಮುದ್ರೆಯಿದ್ದ ಹೊಸ ಚಿತೆಂಗೆಯೊಂದನ್ನು ಕೈಗಿಟ್ಟ. ಸೊಂಟಕ್ಕೆ ಸುತ್ತುವ ಬಟ್ಟೆ.

"ಬಾನಾ ಚಿಶಾಲಾ, ನಾಳೆ ಗೇಟಲ್ಲಿ ಹೆಂಗಸರ ಕುಣಿತ. ಮುಂದೆ ನೀವೇ ಇರ್ಬೇಕು."

"ಫ್ಯಾನ್ ಹತ್ರ ಯಾರಿರ್ತಾರೆ, ಬ್ವಾನಾ?"

"ಬ್ವೆಂಬ್ಯಾ. ಅವನ ಗಂಟಲು ದೊಡ್ಡದು ನೋಡಿ, ಆ ಸದ್ದಲ್ಲೂ ಕೇಳ್ಸುತ್ತೆ."

ಬ್ವೆಂಬ್ಯಾ ಎರಡು ವರ್ಷದಿಂದ ಅವಳ ಹತ್ತಿರ ಕೆಲಸ ಕಲಿಯುತ್ತಿದ್ದವನು. ಪರವಾನಗಿ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ. ಕೆಟ್ಟವನಲ್ಲ, ಕೆಟ್ಟವನಾಗಬೇಕಾದ ಅಗತ್ಯ ಅವನಿಗೆ ಬಿದ್ದಿರಲಿಲ್ಲ. ಸಂಜೆ ಅವಳ ಬಳಿಯೇ ಬಂದು, ಗಾಳಿಯ ಒತ್ತಡವನ್ನು ಸುಲಭವಾಗಿ ಹೇಗೆ ಹೇಳಲಿ ಅಕ್ಕಾ ಎಂದು ಕೇಳಿ ಬರೆದುಕೊಂಡು ಹೋದ. ಅವಳು ಹೇಳಿಯೂ ಕೊಟ್ಟಳು. ಆಮೇಲೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

ಮರುದಿನ ಕುಣಿದಳು. ನೆಲ ಬಿರಿಯಲಿ ಎಂಬಂತೆ ತುಳಿದಳು. ನೋಡಿದವರು ಅದನ್ನು ಉತ್ಸಾಹ ಎಂದುಕೊಂಡರು. ಧ್ವನಿವರ್ಧಕದಲ್ಲಿ ಬ್ವೆಂಬ್ಯಾನ ಗಂಟಲಿಂದ ಅವಳ ವಾಕ್ಯಗಳು ಒಂದೊಂದಾಗಿ ಹೊರಬಿದ್ದವು. ಕೆಡು, ಒಂದೇ ಒಂದು ಸಲ ಕೆಮ್ಮಿ ನಿಲ್ಲು ಎಂದು ಅವಳು ಫ್ಯಾನಿಗೆ ಮನಸ್ಸಿನಲ್ಲೇ ಶಾಪ ಹಾಕಿದಳು. ಫ್ಯಾನು ಕೆಡಲಿಲ್ಲ. ಅವಳು ಹೇಳಿದಷ್ಟೇ ಸುತ್ತು, ಅವಳು ಬಯಸಿದ್ದೇ ಗುಂಯ್ ಸದ್ದು. ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಹಾಕು ಎಂದು ನನಗೆ ಹೇಳಿದವರಾರು ಎಂದು ತನ್ನನ್ನೇ ಬೈದುಕೊಂಡಳು. ಹೊರಡುವಾಗ ನಿರ್ದೇಶಕರಲ್ಲೊಬ್ಬ ಕಾರಿನ ಗಾಜು ಇಳಿಸಿ, "ಚೆನ್ನಾಗಿ ಕುಣಿದೆ, ತಾಯಿ" ಎಂದ.

ಗುರುವಾರ ನೋಟಿಸು ಬಿತ್ತು. ಬ್ವೆಂಬ್ಯಾ ಮುಖ್ಯಸ್ಥ. ಅವನು ಪರೀಕ್ಷೆ ಪಾಸಾಗುವವರೆಗೆ ಸಹಿಯ ಕೆಲಸ ಮಾತ್ರ ಎಂದಿನಂತೆ ನಾಮ್‌ಫುಕ್ವೆಯದು. ಆ ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು. ಅಳು ಬರಲಿಲ್ಲ. ಕಿವಿ ಕಾದು ಕೆಂಡವಾಯಿತು.

ಶುಕ್ರವಾರ ಬೆಳಿಗ್ಗೆ ಐದಕ್ಕೆ ಕಚೇರಿಗೆ ಫೋನು ಮಾಡಿದಳು. ಎತ್ತಿದವಳು ಲುಂಬಿವೆ.

"ಇವತ್ತು ನನ್ನ ಅಮ್ಮನ ದಿನ. ಬರ್ಕೋ."

"ನಿಮ್ದಾ ಅಕ್ಕಾ?"

"ನಂದೇ. ನಿಂಗೆ ಇಷ್ಟು ದಿನ ಅಂದಿದ್ದು ತಪ್ಪಾಯ್ತು ಕಣೆ."

"ಅದನ್ನ ನಾಳೆ ಹೇಳಿ," ಎಂದಳು ಲುಂಬಿವೆ. "ಇವತ್ತು ಹಬ್ಬ ಮಾಡಿ."

ನಾನೂರು ಗಂಡಸರು ಹೆಲ್ಮೆಟ್ಟು, ಗಂಬೂಟು ಹಾಕಿಕೊಂಡು ಗಣಿಯ ಬಾಯಲ್ಲಿ ಬಿಸಿಲು ಕಾಯಿಸುತ್ತಾ ಕೂತೆವು. ಮೊದಲು ಎಂದಿನಂತೆ ನಕ್ಕೆವು. ಎಂಟು ಗಂಟೆಯ ಹೊತ್ತಿಗೆ ನಗು ಒಣಗಿತು. ಹೊಸ ಮುಖ್ಯಸ್ಥ ಗಾಳಿ ಪುಸ್ತಕದ ಮುಂದೆ ಪೆನ್ನು ಹಿಡಿದು ನಿಂತಿದ್ದ. ಪರವಾನಗಿಯಿಲ್ಲದೆ ಸಹಿ ಹಾಕಿದರೆ ಜೈಲು. ಫ್ಯಾನು ಮಾತ್ರ ಯಾರ ಹಂಗಿಲ್ಲದೆ ಒಳ್ಳೆಯ ಗಾಳಿಯನ್ನು ಎಳೆಯುತ್ತಲೇ ಇತ್ತು.

ಒಂಬತ್ತಕ್ಕೆ ಸಿನ್ಯಂಗ್ವೆಯ ಕಾರು ಅವಳ ಮನೆಮುಂದೆ ನಿಂತಿತು. ನಾಮ್‌ಫುಕ್ವೆ ಗಣಿಯ ಮುದ್ರೆಯ ಚಿತೆಂಗೆಯನ್ನೇ ಸುತ್ತಿಕೊಂಡು ಚಾಪೆಯ ಮೇಲೆ ಅಮ್ಮನ ಜೊತೆ ಶೇಂಗಾ ಬಿಡಿಸುತ್ತಿದ್ದಳು.

"ಏನಾಯ್ತು ಬಾನಾ ಚಿಶಾಲಾ? ಮೈ ಸರಿಯಿಲ್ವಾ?"

"ಕಾರಣ ಕೇಳೋ ಹಾಗಿಲ್ಲ, ಬ್ವಾನಾ."

ಅವನು ನಾನೂರು ಜನರ ಮಾತೆತ್ತಿದ, ರಾಜಧಾನಿಯ ಫೋನಿನ ಮಾತೆತ್ತಿದ, ಒಂದು ಸಹಿ ತಾನೆ, ಐದು ನಿಮಿಷ ಬಂದು ಹೋಗಿ ಎಂದ. ಬಿಸಿಲಿಗೆ ಅವನ ಕಾಲರು ಒದ್ದೆಯಾಗುವವರೆಗೂ ಅವಳು ಕೇಳಿಸಿಕೊಂಡಳು.

"ನಾಳೆ ಬರ್ತೀನಿ," ಎಂದಳು.

ಅವನು ಉಸಿರು ಬಿಟ್ಟ.

"ಮುಂದಿನ ತಿಂಗ್ಳೂ ಒಂದು ದಿನ ಇದೆ ನಂಗೆ. ಅದರ ಮುಂದಿನ ತಿಂಗ್ಳೂ ಇದೆ."

"ಯಾವ ದಿನ?"

ನಾಮ್‌ಫುಕ್ವೆ ಒಂದು ಕಾಯಿ ಒಡೆದು ಸಿಪ್ಪೆಯನ್ನು ಅವನ ಬೂಟಿನ ಬಳಿ ಎಸೆದಳು. "ಅದನ್ನೂ ಮುಂಚೆ ಹೇಳ್ಬೇಕಾಗಿಲ್ಲ."