ಎದೆಯಿಂದ ನೆತ್ತಿಗೆ

ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜಿಸದೆ ಮೇಘಾ ಬಾಯಿಗೆ ಗುಟುಕು ನೀರೂ ಹಾಕಿದವಳಲ್ಲ. ಸರ್ಜಾಪುರದ ಅಪಾರ್ಟ್‌ಮೆಂಟಿನಿಂದ ಮಾರತ್ತಹಳ್ಳಿಯ ಆಫೀಸಿಗೆ ಓಡುವ ಗಡಿಬಿಡಿಯಲ್ಲೂ ಅದು ತಪ್ಪಿದ್ದಿಲ್ಲ. ಪೂಜೆಯಾದ ಮೇಲೆ ಲಿಂಗ ಕರಡಿಗೆಯೆಂಬ ಪುಟ್ಟ ಬೆಳ್ಳಿ ಡಬ್ಬಿಯೊಳಗೆ ಸೇರಿ, ಕೊರಳಿಂದ ಎದೆಯ ಮೇಲೆ ಇಳಿಯುತ್ತಿತ್ತು. ದೀಕ್ಷೆಯಾದಂದಿನಿಂದ ಅದು ಮೈ ಬಿಟ್ಟಿರಲಿಲ್ಲ. ಬಿಡಬಾರದು ಎಂಬುದೇ ನೇಮ.

ಎಡ ಸ್ತನದಲ್ಲಿ ಕ್ಯಾನ್ಸರ್ ಗಂಟು ಕಂಡಿತು. ಸ್ತನ ತೆಗೆದು, ಅದೇ ಹೊತ್ತಿಗೆ ಇಂಪ್ಲಾಂಟ್ ಕೂರಿಸಬಹುದು ಎಂದರು ಡಾಕ್ಟರು. ಇಂಥ ಆಸೆ ತರವೇ ಎಂದು ಮೇಘಾ ಅಳುಕಿದಾಗ ಅತ್ತೆ ಶಿವಲಿಂಗಮ್ಮ ಗದರಿದರು. "ಹಲ್ಲು ಹೋದ್ರ ಕಟ್ಟಿಸ್ಕೊಳ್ಳೂದಿಲ್ಲೇನು? ಸುಮ್ನ ಹೂಂ ಅನ್ನು." ಮುಂದೆ ಗುಂಡಿಯಿರುವ ನೈಟಿಗಳನ್ನು ತಾವೇ ಹೊಲಿದಿಟ್ಟರು.

ತೊಡಕಾದದ್ದು ಆಪರೇಷನ್ನಿನ ಹಿಂದಿನ ಸಂಜೆ. ಅರಿವಳಿಕೆ ಕೊಡುವ ಡಾಕ್ಟರ್ ಲಾವಣ್ಯ ಬಂದು, "ತಾಳಿ, ಬಳೆ, ಕೊರಳಲ್ಲಿರೋದು, ಎಲ್ಲಾ ತೆಗೆದಿಡಿ ಮೇಡಂ" ಎಂದರು.

ಮೇಘಾಳ ಕೈ ಕರಡಿಗೆಯನ್ನು ಬಿಗಿಯಾಗಿ ಹಿಡಿಯಿತು. "ಇದನ್ನ ಬಿಟ್ಟು ನಾನು ಬರಲ್ಲ ಡಾಕ್ಟ್ರೇ. ಬೇಕಾದ್ರೆ ಆಪರೇಷನ್ ಮುಂದಕ್ಕೆ ಹಾಕಿ."

"ಗಂಟು ಕಾಯಲ್ಲ ಮೇಡಂ."

"ಬೆಳ್ಳಿ ತೆಗೀರಿ, ಲಿಂಗ ಇರ್ಲಿ" ಎಂದರು ಶಿವಲಿಂಗಮ್ಮ. "ಹೊಕ್ಕಳಕ್ಕಿಂತ ಮ್ಯಾಲೆ ಎಲ್ಲಿದ್ರೂ ನಡೀತೈತಿ."

"ಎದೆ, ಕುತ್ತಿಗೆ ಆಗಲ್ಲ, ಅಲ್ಲೇ ನಮ್ಮ ಕೆಲಸ. ಎಡಗೈಗೆ ಏನೂ ಕಟ್ಟಬಾರದು, ಬಲಗೈಗೆ ಸೂಜಿ ಹಾಕಿರ್ತೀವಿ."

"ತಲಿ ಐತಲ್ರೀ!"

ಲಾವಣ್ಯ ನಕ್ಕುಬಿಟ್ಟರು. ಮತ್ತೆ ಯೋಚಿಸಿ, "ಲಿಂಗದಲ್ಲಿ ಲೋಹ ಇಲ್ಲ ತಾನೇ? ಹಾಗಾದ್ರೆ ಆಗಬಹುದು, ಸರ್ಜನ್‌ಗೂ ಹೇಳ್ತೀನಿ. ತಲೆ ಹತ್ರ ಕೂರೋಳು ನಾನೇ" ಎಂದರು. ಮರುದಿನ ಬೆಳಿಗ್ಗೆ ಶುದ್ಧ ಬಟ್ಟೆಯಲ್ಲಿ ಸುತ್ತಿದ ಲಿಂಗ ಆಪರೇಷನ್ ಟೋಪಿಯೊಳಗೆ, ಹಣೆಯ ಮೇಲ್ಭಾಗದಲ್ಲಿ ಕೂತಿತು.

ಎಚ್ಚರವಾದಾಗ ಬಾಯಿ ಒಣಗಿತ್ತು, ಎದೆಯ ಮೇಲೆ ಕಲ್ಲು ಹೇರಿದಂತಿತ್ತು. ಮೇಘಾ ಮೊದಲು ಬಲಗೈಯಿಂದ ತಲೆ ತಡವಿದಳು. ಬೆರಳಿಗೆ ಆ ಪುಟ್ಟ ಉಬ್ಬು ಸಿಕ್ಕಿತು.

"ಕಳ್ಳತನ ಆಗಿಲ್ಲ ಮೇಡಂ, ಕಾವಲಿದ್ದೆ" ಎಂದರು ಲಾವಣ್ಯ. ಮೇಘಾಳ ಕಣ್ಣಂಚಿನಿಂದ ನೀರು ಕಿವಿಗೆ ಹರಿಯಿತು.

ಗಾಯದ ನೀರು ಇಳಿಯಲು ಪಕ್ಕೆಗೆ ಹಾಕಿದ್ದ ಕೊಳವೆ ತೆಗೆಯುವವರೆಗೆ ದಿಂಬಿಗೊರಗಿಯೇ ನಿದ್ದೆ. ಎಡಗೈ ಎತ್ತಲು ಬಾರದೆ, ಅಂಗೈಯನ್ನು ತೊಡೆಯ ಮೇಲಿನ ದಿಂಬಿನಲ್ಲಿಟ್ಟೇ ಪೂಜೆ. ಹೊಸ ಎದೆ ಮೊದಮೊದಲು ಬಿಗಿಯಾಗಿ, ಮುಟ್ಟಿದರೂ ತಿಳಿಯದೆ, ಯಾರದೋ ಎನಿಸುತ್ತಿತ್ತು. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮಾಡುತ್ತ ಮಾಡುತ್ತ ಕೈಯೂ ಎದೆಯೂ ತನ್ನವಾದವು. ಗಂಟು ಪೂರ್ತಿ ಹೋಗಿದೆ ಎಂಬ ವರದಿ ಬಂದ ದಿನ ಅತ್ತೆ ಹೋಳಿಗೆ ಮಾಡಿದರು.

ನೋಡಲು ರಾಣೆಬೆನ್ನೂರಿನಿಂದ ಬಂದ ಕಾಕಾ ಈರಣ್ಣ ಎಲ್ಲ ಕೇಳಿ ದನಿ ತಗ್ಗಿಸಿದರು. "ಮಂಪರಿನ್ಯಾಗ ಲಿಂಗ ಮೈ ಬಿಟ್ಟಿತ್ತೋ ಏನೋ, ಯಾರಿಗ್ಗೊತ್ತವ್ವಾ? ಸ್ವಾಮಿಗಳನ್ನ ನಾನ ಕರಕೊಂಡ ಬರ್ತೀನಿ. ಹೊಸದಾಗಿ ದೀಕ್ಷಾ ಮಾಡಿಸಿಬಿಡೂಣು."

"ಬ್ಯಾಡ ಕಾಕಾ" ಎಂದಳು ಮೇಘಾ. "ಬಿಟ್ಟು ಹೋಗಿದ್ರ ಅಲ್ಲೇನು ಮತ್ತ ಕರಿಯೂದು?"