ಅಕ್ಕನ ಕೊರಳಲ್ಲಿ ಬಂದ ಸರ

ದೊಡ್ಡಪ್ಪನ ಮಗಳ ಮದುವೆಯ ಸರ ಇವತ್ತು ಸುರಕ್ಷಿತವಾಗಿ ಬಂದು ತಲುಪಿತು, ಸ್ನೇಹಿತರೇ. ಮಸ್ಕತ್ತಿನಿಂದ ಅದನ್ನು ತಂದವಳು ನನ್ನಕ್ಕ.

ಸರ ಕೊಂಡಿಟ್ಟಿದ್ದ ಭಾವ ಹೋದ ತಿಂಗಳು ಅಲ್ಲೇ ತೀರಿಕೊಂಡರು. ಅಂತ್ಯಕ್ರಿಯೆಯೂ ಅಲ್ಲೇ ಆಯಿತು. ನಿನ್ನೆ ಅಕ್ಕ ಒಬ್ಬಳೇ ಹೊರಡುವ ಹೊತ್ತಿಗೆ ದೊಡ್ಡಪ್ಪ ಫೋನ್ ಮಾಡಿದ್ದರು.

"ವರ್ಷದ ಮೇಲೆ ಅಲ್ಲಿದ್ದ ಹೆಂಗಸರಿಗೆ ನಲವತ್ತು ಗ್ರಾಂ ಒಡವೆ ಸುಂಕ ಇಲ್ದೆ ಬಿಡ್ತಾರಂತೆ. ಗಂಡಸರಿಗೆ ಅದರಾಗೆ ಅರ್ಧನೇ. ನೀನೇ ಕೊರಳಿಗೆ ಹಾಕ್ಕೊಂಡು ಬಾರವ್ವ."

ಹಾಕಿಕೊಂಡೇ ಬಂದಳು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಯಾರೂ ತಡೆಯಲಿಲ್ಲ.

ಅಲ್ಲಿಂದ ಅವಳನ್ನು ಕರೆದುಕೊಂಡು ಮೊಳಕಾಲ್ಮೂರಿನ ನಮ್ಮ ಮನೆಗೆ ಬರುವ ದಾರಿಯಲ್ಲಿ, ಸರ ಕೊಟ್ಟು ಹೋಗೋಣವೆಂದು ಚಳ್ಳಕೆರೆಯ ದೊಡ್ಡಪ್ಪನ ಮನೆ ಮುಂದೆ ಕಾರು ನಿಲ್ಲಿಸಿದೆ. ಅಕ್ಕ ಬಾಗಿಲು ತೆಗೆಯುವಷ್ಟರಲ್ಲಿ ಅವರೇ ಹೊರಗೆ ಬಂದರು.

"ಇಳೀಬೇಡವ್ವ. ಒಳಗೆ ಧಾರೆ ಸೀರೆ ಪೂಜೆಗೆ ಇಟ್ಟೀವಿ. ಇಂಥ ಹೊತ್ನಾಗೆ ನೀನು ಬರಬಾರದು. ಸರ ಇಲ್ಲೇ ಬಿಚ್ಚಿಕೊಡು."

"ಸರಾನೂ ನನ್ನ ಕೊರಳಾಗೇ ಬಂದೈತಲ್ಲ ದೊಡ್ಡಪ್ಪ?"

"ಬಂಗಾರಕ್ಕೇನಾಗ್ತೈತೆ."

ಅಕ್ಕ ಕೊಂಡಿ ಬಿಚ್ಚಿ ಕೊಟ್ಟಳು. ಅವರು ಕರ್ಚೀಫಿನಲ್ಲಿ ಸುತ್ತಿಕೊಂಡು, "ಬಾಯಾರಿರ್ತೈತೆ, ನೀರು ಇಲ್ಲಿಗೇ ಕಳಿಸ್ತೀನಿ" ಎಂದರು. ನೀರು ಬರುವ ಮುಂಚೆ ನಾನು ಕಾರು ಹೊರಡಿಸಿದೆ.

ಕಸ್ಟಮ್ಸ್‌ನವರು ಅಕ್ಕನನ್ನೂ ಸರವನ್ನೂ ಒಟ್ಟಿಗೇ ಬಿಟ್ಟಿದ್ದರು. ನಮ್ಮವರು ಸರವನ್ನು ಮಾತ್ರ ಒಳಗೆ ಬಿಟ್ಟುಕೊಂಡರು.