ಮೂವರು ಮುನಿಯಮ್ಮಂದಿರು

ಕೋಗಿಲು ಎಂಬ ಊರಿನ ಕಣ್ಣು ತಪಾಸಣೆ ಶಿಬಿರದಲ್ಲಿ ನಾನು "ಮುನಿಯಮ್ಮ" ಎಂದು ಕೂಗಿದ್ದೇ ತಡ, ಮೂವರು ಅಜ್ಜಿಯರು ಒಟ್ಟಿಗೆ ಎದ್ದು ಬಂದರು. ನನ್ನ ಪಟ್ಟಿಯಲ್ಲಿದ್ದದ್ದು ಒಬ್ಬರೇ. ಎರಡೆರಡು ಸಲ ಹೆಸರು ಬರೆಸಿದವರನ್ನು ತೆಗೆಯಲೆಂದು ಹಿಂದಿನ ದಿನ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕು ಸಾಲಿನ ಪ್ರೋಗ್ರಾಂ ಬರೆದಿದ್ದೆ. ಒಮ್ಮೆ ಬಂದ ಹೆಸರು ಮತ್ತೆ ಬಂದರೆ ಅದು ಅಳಿಸಿಬಿಡುತ್ತಿತ್ತು.

"ಕಂಪ್ಯೂಟರ್‌ನಲ್ಲಿ ಒಬ್ರೇ ಇದೀರಲ್ಲಮ್ಮಾ" ಎಂದೆ.

ಕೋಲೂರಿಕೊಂಡಿದ್ದ ಅಜ್ಜಿ ನನ್ನನ್ನೇ ನೋಡಿದರು. "ಎಸ್ರು ಒಂದೇ ಆದ್ರೆ ಕಣ್ಣೂ ಒಂದೇನಪ್ಪಾ?"

ಉಳಿದಿಬ್ಬರನ್ನು ಪೆನ್ನಿನಲ್ಲಿ ಸೇರಿಸಿಕೊಂಡೆ. ಈಗ ಹೆಸರಿನ ಜೊತೆ ವಯಸ್ಸು, ಮನೆಯ ವಿಳಾಸವನ್ನೂ ಹೋಲಿಸುತ್ತೇನೆ. ಅಳಿಸುವ ಮೊದಲು ಪಟ್ಟಿಯಿಂದ ಹೋಗಲಿರುವ ಹೆಸರುಗಳ ಸಾಲುಗಳನ್ನೆಲ್ಲ ತೆರೆಯ ಮೇಲೆ ತರಿಸಿ ಓದುತ್ತೇನೆ. ಒಂದೊಂದು ಸಾಲಿನ ಹಿಂದೆಯೂ ಯಾರೋ ಬೆಳಿಗ್ಗೆಯೇ ಬಂದು ಬೆಂಚಿನ ಮೇಲೆ ಕೂತಿರುತ್ತಾರೆ.